ವಿಭೂತಿ ಹಚ್ಚಿದ ಕ್ಯಾಮೆರಾ

ಕಾರ್ತಿಕ ಬಂತೆಂದು ಮಲ್ಲೇಶನಿಗೆ ಪಂಚಾಂಗ ಹೇಳಬೇಕಾಗಿರಲಿಲ್ಲ. ಗಿರವಿಗೆ ಬರುವ ಮೊಬೈಲುಗಳ ಚಾರ್ಜಿಂಗ್ ತೂತಿನಲ್ಲಿ ಭತ್ತದ ಹೊಟ್ಟಿನ ಧೂಳು ಕಾಣಿಸಿಕೊಂಡರೆ ಕಂಪ್ಲಿ ಕಡೆ ಕೊಯ್ಲು ಹಿಡಿಯಿತೆಂದೇ ತಿಳಿಯಬೇಕು. ಹಬ್ಬಕ್ಕೆಂದು ಕೊಂಡ ಸಾಮಾನು ಕೊಯ್ಲಿನ ಆಳುಗಳ ಬಟವಾಡೆಗಾಗಿ ಗಿರವಿಗೆ ಬರುವ ಕಾಲ ಅದು. ಭತ್ತ ಮಾರಿದ ಮೇಲೆ ಅದೇ ಜನ ಬಂದು ಅದೇ ಸಾಮಾನು ಬಿಡಿಸಿಕೊಂಡು ಹೋಗುತ್ತಾರೆ.

ಹೊಸಪೇಟೆ ಬಜಾರಿನ ಒಳಸಂದಿಯ ಆ ಅಂಗಡಿಯಲ್ಲಿ ಬೆಳಗಿನ ವ್ಯಾಪಾರ ನಡೆದಿತ್ತು. ಕೌಂಟರಿನ ಮೇಲೊಂದು ಹೋಂ ಥಿಯೇಟರ್. ಅದರ ಹಿಂದೆ ಸೆರಗನ್ನು ಸೊಂಟಕ್ಕೆ ಸಿಗಿಸಿ ನಿಂತ ಕಂಪ್ಲಿಯ ಸುಂಕಮ್ಮ.

"ಹನ್ನೆರಡು ಸಾವಿರ ಕೊಟ್ಟು ತಂದಾನ ನನ್ನ ಮಗ. ನೀ ಎರಡು ಅಂತಿ. ಇದಕ್ಕೇನರ ಅಳತಿ ಐತೋ, ಬಾಯಿಗೆ ಬಂದಂಗ ಅಂತಿಯೋ?"

"ಹನ್ನೆರಡು ಕೊಟ್ಟಿದ್ದು ಅಂಗಡಿಯವಗ, ಯವ್ವಾ. ನನಗಲ್ಲ."

ಮಲ್ಲೇಶ ವೈರು ಚುಚ್ಚಿ ಹಾಡು ಹಚ್ಚಿದ. ದೊಡ್ಡ ಡಬ್ಬಿಗೆ ಕಿವಿ ಕೊಟ್ಟ. ತಬಲಾ ಬಂದಲ್ಲೆಲ್ಲ ಒಳಗೆ ಹರಿದ ಕಾಗದ ಗಾಳಿಗೆ ಬಡಿದುಕೊಂಡಂತೆ ಕೊರ್ ಎನ್ನುತ್ತಿತ್ತು.

"ಸ್ಪೀಕರಿನ ಪರದಿ ಸೀಳೈತಿ. ರಿಮೋಟ್ ತಂದಿಲ್ಲ. ಬಿಲ್ಲೂ ಇಲ್ಲ. ನೀ ತಿರುಗಿ ಬರಲಿಲ್ಲ ಅಂದ್ರ ಇದನ್ನ ನಾ ಎಷ್ಟಕ್ಕ ಮಾರ್ಲಿ? ಇವತ್ತಾದ್ರ ಆರು. ಹೊಸ ಮಾಡೆಲ್ ಬಂದ ದಿನ ಮೂರೂ ಇಲ್ಲ. ಬಂಗಾರ ಆದ್ರ ಕಪಾಟಿನಾಗ ಕುಂತು ಬೆಲಿ ಕಟ್ಟತೈತಿ. ಇವು ಬಾಳೆಹಣ್ಣು ಇದ್ದಂಗ. ಕುಂತಷ್ಟೂ ಕಪ್ಪಾಗ್ತಾವ."

"ಹಂಗಾರ ಬಾಳೆಹಣ್ಣಿನ ಬಂಡಿನ ಇಡಬೇಕಿತ್ತು ನೀ. ತಿಂದರ ತಿಂತಿದ್ದಿ."

ಗೋಡೆಯ ಬೆಂಚಿನ ಮೇಲೆ ಕೂತ ಹೆಣ್ಣುಮಗಳು ಮೆಲ್ಲಗೆ ನಕ್ಕಳು. ಮಲ್ಲೇಶ ಅತ್ತ ನೋಡಲಿಲ್ಲ. ಆಕೆ ಬಂದು ಕೂತಾಗಿನಿಂದಲೂ ಅವನು ಅತ್ತ ನೋಡಿರಲಿಲ್ಲ.

ಸುಂಕಮ್ಮ ಕೊನೆಗೆ ಒಪ್ಪಿದಳು. ಒಪ್ಪಿದವಳು ಡಬ್ಬಿಯ ನೆತ್ತಿ ಸವರಿ, "ಎಲ್ಲಿ ಇಡ್ತಿ ಇದನ್ನ? ಇಲಿ ಪಲಿ ಅದಾವೇನು?" ಎಂದಳು.

ಮಲ್ಲೇಶ ಇನ್ನೂರು ರೂಪಾಯಿ ಹೆಚ್ಚಿಗೆ ಎಣಿಸಿ ಕೊಟ್ಟ. ಎಷ್ಟು ಕೊಡ್ತೀರಿ ಎಂದಷ್ಟೇ ಕೇಳಿ ಹೋಗುವವರು ಹೆಚ್ಚಾಗಿ ತಿರುಗಿ ಬರುವುದಿಲ್ಲ. ಎಲ್ಲಿ ಇಡ್ತೀರಿ ಎಂದು ಕೇಳುವವರು ಬರುತ್ತಾರೆ. ಈ ವ್ಯಾಪಾರದಲ್ಲಿ ಅವನು ವಸ್ತುವನ್ನು ಅರ್ಧ ನೋಡುತ್ತಿದ್ದ, ವಸ್ತು ತಂದವರನ್ನು ಅರ್ಧ ನೋಡುತ್ತಿದ್ದ.

"ಧೂಳು ಒರೆಸಿ ಇಡಪಾ ಮತ್ತ."

"ಒರೆಸಂಗಿಲ್ಲ ಯವ್ವಾ. ಗಿರವಿ ಸಾಮಾನು ಹೆಂಗ ಬಂದೈತೋ ಹಂಗ ಇರಬೇಕು. ಒರೆಸಿ ಇಟ್ರ, ನಾಳೆ ನೀನ ಇದು ನಂದಲ್ಲ, ಬದ್ಲಿ ಮಾಡಿ ಅಂತಿ. ಗಡುವು ಮುಳುಗಿ ನಮ್ಮ ಪಾಲಿಗೆ ಬಂದ ಮ್ಯಾಲೆ ಒರೆಸೋದು."

ಸುಂಕಮ್ಮ ಹೋದಳು. ಬೆಂಚಿನ ಮೇಲಿದ್ದವಳು ಎದ್ದು ಕೌಂಟರಿಗೆ ಬಂದಳು. ಎಎಸ್‌ಐ ಗಾಯತ್ರಿ. ಸಾದಾ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಹೊರಗೆ ಮೆಟ್ಟಿಲ ಮೇಲೆ ಕಾನ್‌ಸ್ಟೆಬಲ್ ಬಸವರಾಜ್ ಸಂದಿಯ ಕಡೆ ಮುಖ ಮಾಡಿ ನಿಂತಿದ್ದ.

ಆಕೆ ಬಂದ ಕಾರಣ ಬಜಾರಿಗೆಲ್ಲ ಗೊತ್ತಿತ್ತು. ಕಂಪ್ಲಿಯ ಫೋಟೋಗ್ರಾಫರ್ ಹೊನ್ನೂರುಸ್ವಾಮಿ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಅವನ ಬೈಕು ಸಂಡೂರಿನ ಘಾಟಿ ದಾರಿಯ ಪೊದೆಯಲ್ಲಿ ಸಿಕ್ಕಿತ್ತು. ಅವನ ಕ್ಯಾಮೆರಾ ಈ ಅಂಗಡಿಯ ಅಟ್ಟದ ಮೇಲೆ ಗಿರವಿಯಾಗಿ ಕೂತಿತ್ತು.

"ಮಲ್ಲೇಶಣ್ಣ, ನನ್ನ ಮೊಬೈಲಿಗೆ ಎಷ್ಟು ಕೊಡ್ತೀರಿ?"

"ಚಾಷ್ಟಿ ಮಾಡ್ತೀರಿ ಮೇಡಂ."

"ಚಾಷ್ಟಿ ಅಲ್ಲ. ನೋಡ್ರಿ."

ಮಲ್ಲೇಶ ಬೇಡವೆಂದುಕೊಂಡ. ಆದರೆ ಹತ್ತು ವರ್ಷ ಇದೇ ಕೆಲಸ ಮಾಡಿದ ಕೈ. ಮೊಬೈಲು ಕೌಂಟರಿನ ಮೇಲೆ ಬಂತೆಂದರೆ ಅದು ತಾನಾಗಿ ಎತ್ತಿಕೊಳ್ಳುತ್ತಿತ್ತು. ಪರದೆಯನ್ನು ಬೆಳಕಿಗೆ ಓರೆ ಮಾಡಿ ಗೀರು ನೋಡಿದ. ಮೂಲೆಯಲ್ಲಿ ಉಗುರಾಡಿಸಿ, ಬಿದ್ದೆದ್ದದ್ದೋ ಎಂದು ನೋಡಿದ. ಬ್ಯಾಟರಿಯ ಆರೋಗ್ಯ ನೋಡಿದ. ಕೊನೆಗೆ ಹತ್ತಿಯ ಕಡ್ಡಿಯೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸ್ಪೀಕರಿನ ಸಣ್ಣ ಜಾಲರಿಯ ಮೇಲೆ ಆಡಿಸಿದ. ಹತ್ತಿ ಕೆಂಪಾಗಿ ಬಂತು.

"ಸಂಡೂರಿಗೆ ಹೋಗಿದ್ರಿ."

"ನಿನ್ನೆ ಹೋಗಿದ್ದೆ. ಬೈಕ್ ಸಿಕ್ಕ ಜಾಗಕ್ಕ."

"ಅದಿರಿನ ಧೂಳು. ಒಂದು ಸಲ ಒಳಗ ಹೊಕ್ಕರ ಹೊರಗ ಬರಂಗಿಲ್ಲ. ಅದಕ್ಕ ಸಂಡೂರು ಮಾಲಿಗೆ ಬೆಲಿ ಇಳಿಸ್ತೀನಿ. ನಿಮ್ಮದಕ್ಕ ನಾಕು ಸಾವಿರ. ಲಾಕ್ ತೆಗೆದು, ನಿಮ್ಮ ಖಾತೆ ಎಲ್ಲಾ ಅಳಿಸಿಕೊಟ್ರ ಮಾತ್ರ. ಲಾಕ್ ಇದ್ದದ್ದು ನಮಗ ಹಂಚಿನ ತುಂಡು."

"ಹಂಪಿ ಮಾಲು ಹೆಂಗ?"

"ಹೊಳಿ ದಂಡಿ ಥಂಡಿ. ಅಲ್ಲಿ ಇದ್ದ ಕ್ಯಾಮೆರಾದ ಲೆನ್ಸಿನಾಗ ಬೂಷ್ಟು ಕಟ್ಟತೈತಿ."

"ನಿಮ್ಮ ಕಣ್ಣಿಗೆ ಯಾರೂ ಸುಳ್ಳು ಹೇಳಾಕ ಬರಂಗಿಲ್ಲ ಬಿಡ್ರಿ," ಎಂದು ಗಾಯತ್ರಿ ಮೊಬೈಲು ವಾಪಸ್ಸು ತೆಗೆದುಕೊಂಡಳು. "ಈಗ ಹೊನ್ನೂರುಸ್ವಾಮಿ ಕ್ಯಾಮೆರಾ ತರ್ರಿ. ಈಗ ನಾನ ತಂದೀನಿ ಅನ್ಕೊಂಡು ಬೆಲಿ ಕಟ್ರಿ."

ಒಳಕೋಣೆಯ ಅರ್ಧಬಾಗಿಲ ಆಚೆ ಪೂಜೆಯ ಗಂಟೆ ನಿಂತಿತು. ಅಲ್ಲಿ ಅವನ ಅಪ್ಪ ಕೊಟ್ರಯ್ಯ ಕೂತಿದ್ದ. ಬಂಗಾರ ಬೆಳ್ಳಿಯ ಗಿರವಿ ಇಂದಿಗೂ ಮುದುಕನದೇ ಕೈ. ಈ ವೈರಿನ ಸಾಮಾನುಗಳನ್ನು ಅವನು ಮುಟ್ಟುತ್ತಿರಲಿಲ್ಲ. ಜೀವ ಇಲ್ಲದ ಡಬ್ಬಿ ಎನ್ನುತ್ತಿದ್ದ. ಮುಟ್ಟದಿದ್ದರೂ ಕೌಂಟರಿನ ಒಂದು ಮಾತೂ ಅವನ ಕಿವಿ ತಪ್ಪುತ್ತಿರಲಿಲ್ಲ.

ಮಲ್ಲೇಶ ಅಟ್ಟದಿಂದ ಕ್ಯಾಮೆರಾ ಚೀಲ ಇಳಿಸಿದ. ಇಳಿಸುವಾಗ ಗಮನಿಸಿದ: ಕೌಂಟರಿನ ಸುತ್ತ ಕಳ್ಳರ ಕಾಟಕ್ಕೆಂದು ತಾನೇ ಮುಂದೆ ನಿಂತು ಕಬ್ಬಿಣದ ಜಾಲರಿ ಬೆಸೆಸಿದ್ದ. ಸಾಮಾನು ದಾಟಿಸುವ ಕಂಡಿಯೊಂದು ಬಿಟ್ಟರೆ ಅದಕ್ಕೆ ಎರಡೇ ದಾರಿ. ಒಂದು ಗಾಯತ್ರಿ ನಿಂತ ಕಡೆ. ಇನ್ನೊಂದು ಅಪ್ಪನ ಕೋಣೆ. ಇಷ್ಟು ದಿನ ಇದು ಅವನಿಗೆ ಅಂಗಡಿಯಾಗಿ ಕಂಡಿತ್ತು.

ಕ್ಯಾಮೆರಾ ಹಿಡಿದು ಲೆನ್ಸನ್ನು ದೀಪಕ್ಕೆ ಎತ್ತಿ ನೋಡಿದ. ಎಷ್ಟು ಫೋಟೋ ಹೊಡೆದಿದೆಯೆಂದು ಒಳಗಿನ ಲೆಕ್ಕ ತೆಗೆದು ನೋಡಿದ. ಮದುವೆ ಫೋಟೋದವರ ಕ್ಯಾಮೆರಾ ಬಾಡಿಗೆ ಎತ್ತಿನಂತೆ ದುಡಿದಿರುತ್ತದೆ.

"ಒಂಬತ್ತು ಸಾವಿರ. ಜಗ್ಗಾಡಿದ್ರ ಹತ್ತು."

ಗಾಯತ್ರಿ ಚೀಲದ ಕಿವಿಗೆ ಕಟ್ಟಿದ ಚೀಟಿಯನ್ನು ಬೆರಳಿಂದ ತಿರುಗಿಸಿದಳು. "ಇಲ್ಲಿ ಇಪ್ಪತ್ತೈದು ಅಂತ ನೀವ ಬರದೀರಿ."

ಮಲ್ಲೇಶ ಚೀಟಿಯ ಮೇಲಿನ ತನ್ನ ಅಕ್ಷರ ನೋಡಿದ.

ಅದನ್ನು ಬರೆದ ಮಧ್ಯಾಹ್ನ ಅವನ ಕಣ್ಣಿಗೆ ಕಟ್ಟಿದಂತಿತ್ತು. ದಸರಾ ಕಳೆದು ಕೆಲವು ದಿನ. ಹೊನ್ನೂರುಸ್ವಾಮಿ ಮೊಣಕಾಲ ತನಕ ಕೆಂಪು ಧೂಳು ಮಾಡಿಕೊಂಡು ಬಂದಿದ್ದ. ಇಪ್ಪತ್ತೈದು ಬೇಕೇಬೇಕು ಎಂದ. ಮಲ್ಲೇಶ ಒಂಬತ್ತು ಎಂದ. ಆಗ ಅರ್ಧಬಾಗಿಲ ಹಿಂದಿನಿಂದ ಅಪ್ಪನ ದನಿ ಬಂತು: "ಕೇಳಿದಷ್ಟು ಕೊಡು ಮಲ್ಲೇಶಿ." ಹತ್ತು ವರ್ಷದಲ್ಲಿ ಒಮ್ಮೆಯೂ ಬಾರದ ಮಾತು. ಯಾಕೆಂದು ಅಪ್ಪ ಇಂದಿಗೂ ಹೇಳಿರಲಿಲ್ಲ. ಹೊನ್ನೂರುಸ್ವಾಮಿ ಆ ಬಾಗಿಲ ಕಡೆ ನೋಡಿದ, ಕೈ ಮುಗಿಯಲಿಲ್ಲ. ಹೋಗುವಾಗ ಮಾತ್ರ, "ಎಲ್ಲಿ ಇಡ್ತೀರಣ್ಣ? ಥಂಡಿ ಆಗಬಾರದು ನೋಡ್ರಿ," ಎಂದಿದ್ದ.

ತಿರುಗಿ ಬರುವವರ ಮಾತು ಅದು.

"ಪರಿಚಯದ ಹುಡುಗ, ಮೇಡಂ. ಹಂಪ್ಯಾಗ ಮದುವಿ ಫೋಟೋ ತೆಗಿತಿದ್ದ. ಅಡಚಣಿ ಅಂದ. ಕೊಟ್ಟೆ."

"ಸುಂಕಮ್ಮನೂ ಪರಿಚಯದಾಕಿನ. ಆಕಿಗೆ ಇನ್ನೂರು ಏರಿಸಾಕ ಇಲಿ ಮಾತು ಬರಬೇಕಾತು." ಗಾಯತ್ರಿಯ ದನಿಯಲ್ಲಿ ಏರಿಳಿತವಿರಲಿಲ್ಲ. "ಇರಲಿ. ಹೊಸಾ ಕಡ್ಡಿ ಒಂದು ಕೊಡ್ರಿ ಇಲ್ಲಿ."

ಹತ್ತಿಯ ಕಡ್ಡಿ ತೆಗೆದುಕೊಂಡು ಆಕೆ ಕ್ಯಾಮೆರಾದ ತಿರುಗುವ ಬಳೆಯ ಗೆರೆಗೆರೆಯಲ್ಲೂ ಆಡಿಸಿದಳು. ಹತ್ತಿ ಬೆಳ್ಳಗೆ ಹೋಗಿ ಬೆಳ್ಳಗೇ ಬಂತು. ಆಮೇಲೆ ಚೀಲದ ತಳವನ್ನು ಅದೇ ಕಡ್ಡಿಯಿಂದ ಮುಟ್ಟಿದಳು. ಕೆಂಪಾಯಿತು.

"ದಸರಾದ ಮುಂಚಿಂದ ಅವ ಸಂಡೂರಿನ ಗಣಿ ಕಡೆ ಫೋಟೋ ಹೊಡಿಯಾಕ ಹೋಗ್ತಿದ್ದ. ಚೀಲದಾಗ ಧೂಳು ಐತಿ, ಕ್ಯಾಮೆರಾದಾಗ ಇಲ್ಲ. ಗಿರವಿ ಸಾಮಾನು ಒರೆಸಂಗಿಲ್ಲ ಅಂತ ಈಗ ಹೇಳಿದ್ರಿ. ಇದನ್ನ ಯಾಕ ಒರೆಸಿದ್ರಿ? ಗಡುವು ಇನ್ನೂ ಎರಡು ತಿಂಗಳು ಐತಿ."

ಕೇಳುತ್ತಲೇ ಆಕೆ ಕ್ಯಾಮೆರಾ ಮಗುಚಿದಳು. ಕೈ ಹಿಡಿಯುವ ಕಡೆಯ ಒರಟು ಚರ್ಮದ ಸಂದುಗಳಲ್ಲಿ ಬಿಳಿ ಪುಡಿ ಕೂತಿತ್ತು. ಮೂರು ಗೆರೆ. ಮಾಸಿದ್ದರೂ ಮೂರು.

"ಇದೇನು?"

"ವಿಭೂತಿ," ಎಂದ. ಅಲ್ಲವೆನ್ನಲು ಬರುವಂತಿರಲಿಲ್ಲ.

ಅದು ಆ ಮನೆಯ ಹಳೆಯ ರೂಢಿ. ಗಡುವು ಮುಳುಗಿದ ಒಡವೆ, ತಾಮ್ರ, ಹಿತ್ತಾಳೆ, ಏನೇ ಇರಲಿ, ಅಮಾವಾಸ್ಯೆಯ ಸಂಜೆ ಇಳಿಸಿ ಒರೆಸಿ ವಿಭೂತಿ ಹಚ್ಚುತ್ತಿದ್ದರು. ಬಿಟ್ಟುಹೋದವರ ಕಣ್ಣೀರು ವಸ್ತುವಿಗೆ ಅಂಟಿಕೊಂಡು ಬರಬಾರದೆಂದು. ಹಚ್ಚಿದ ಮೇಲೆ ಅದು ಅಂಗಡಿಯ ವಸ್ತು. ಹಚ್ಚುವ ತನಕ ಇಟ್ಟವರದು. ಬಜಾರಿನ ಹಳಬರಿಗೆಲ್ಲ ಇದು ಗೊತ್ತು. ಗಾಯತ್ರಿಗೂ ಯಾರೋ ಹೇಳಿರಬೇಕು.

"ಅಮಾವಾಸಿಗಲ್ದ ಬ್ಯಾರೆ ದಿನ ಹಚ್ಚಂಗಿಲ್ಲ ಹೌದಿಲ್ಲ? ಇವ ಗಿರವಿ ಇಟ್ಟ ಮ್ಯಾಲೆ ಬಂದದ್ದು ಒಂದ ಅಮಾವಾಸಿ. ದೀಪಾವಳಿದು. ಅವತ್ತು ಬೆಳಿಗ್ಗೆ ಅವ ಮನಿ ಬಿಟ್ಟಾನ. ಸಂಜಿಗೆ ನಿಮ್ಮ ಅಂಗಡ್ಯಾಗ ಅವನ ಕ್ಯಾಮೆರಾಕ್ಕ ವಿಭೂತಿ ಬಿದ್ದೈತಿ. ಅವನ ಹೆಂಡತಿ ಇನ್ನೂ ಊಟಕ್ಕ ದಾರಿ ನೋಡಾಕ ಹತ್ತಿದ್ಲು, ಮಲ್ಲೇಶಣ್ಣ. ಅವ ಬರಂಗಿಲ್ಲ ಅಂತ ಇಲ್ಲಿ ಯಾರಿಗೋ ಗೊತ್ತಾಗಿತ್ತು."

ಹೊರಗೆ ಬಸವರಾಜ್ ಯಾರನ್ನೋ ಆಮೇಲೆ ಬರ್ರಿ ಎಂದು ಕಳಿಸುವುದು ಕೇಳಿತು.

"ಆ ಸಂಜಿ ಅಂಗಡ್ಯಾಗ ಯಾರಿದ್ರಿ?"

ಅಡಕತ್ತರಿಯ ಎರಡು ಬಾಯಿ ಹೇಗಿರುತ್ತವೆಂದು ಮಲ್ಲೇಶನಿಗೆ ಆಗ ಕಂಡಿತು.

ಅವತ್ತು ಅವನು ಕಾರು ತೆಗೆದುಕೊಂಡು ಸಂಡೂರಿಗೆ ಹೋಗಿದ್ದ. ತವರಿನಲ್ಲಿ ಕೂತ ಹೆಂಡತಿ ಗಂಗಾಂಬಿಕಾಳನ್ನು ಹಬ್ಬಕ್ಕೆ ಕರೆತರಲು. "ಮಂದಿ ಬಿಟ್ಟುಹೋದ ಸಾಮಾನಿನ ನಡುವ ನನಗ ನಿದ್ದಿ ಬರಂಗಿಲ್ಲ, ನಾ ಬರಂಗಿಲ್ಲ," ಎಂದಳು. ಒಬ್ಬನೇ ಬಂದ. ಮಧ್ಯಾಹ್ನ ಇಳಿಹೊತ್ತು, ಕಾರಿನ ಬಾಗಿಲ ತನಕ ಕೆಂಪು ಮಣ್ಣು. ಅಪ್ಪ ಊಟಕ್ಕೆ ಕರೆದ. ಬೇಡವೆಂದು ಮಾಳಿಗೆಗೆ ಹೋಗಿ ಮುಸುಕು ಹಾಕಿ ಮಲಗಿದ್ದ. ಸಂಜೆ ಕೆಳಗೆ ಪೂಜೆಯ ಗಂಟೆ ಬಾರಿಸಿದ್ದು ಕೇಳಿತ್ತು. ಇಳಿದಿರಲಿಲ್ಲ.

ಸಂಡೂರಿಗೆ ಹೋಗಿದ್ದೆ ಎಂದರೆ ಬೈಕು ಸಿಕ್ಕ ದಾರಿಯಲ್ಲಿ ತಾನೇ ಹೋಗಿ ನಿಂತಂತೆ. ಅಂಗಡಿಯಲ್ಲಿದ್ದೆ ಎಂದರೆ ವಿಭೂತಿ ತಾನೇ ಹಚ್ಚಿದಂತೆ. ಎರಡೂ ಅಲ್ಲವೆಂದರೆ ಉಳಿಯುವವನು ಒಬ್ಬನೇ. ಅರ್ಧಬಾಗಿಲ ಹಿಂದೆ ಕೂತವನು.

"ನಾನ ಇದ್ದೆ."

"ಹಚ್ಚಿದವರು?"

"ನಾನ ಹಚ್ಚಿದೆ. ಕಣ್ತಪ್ಪಿ. ಮುಳುಗಿದ ಮಾಲಿನಾಗ ಕಲೆತಿತ್ತು."

ಗಾಯತ್ರಿ ಬೈಯಲಿಲ್ಲ, ಬೆದರಿಸಲಿಲ್ಲ. ಕೌಂಟರಿನ ಮೂಲೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ಅವನ ಮುಂದೆ ಸರಿಸಿದಳು. ಪಕ್ಕದ ಗಾಜಿನ ಕಪಾಟಿನಿಂದ, ಮುಳುಗಿದ ಮಾಲಿನ ಸಾಲಿನಿಂದ, ಒಂದು ಹಳೆಯ ಮೊಬೈಲು ತರಿಸಿ ಅದನ್ನೂ ಮುಂದಿಟ್ಟಳು.

"ಹೆಂಗ ಹಚ್ಚತೀರಿ, ಒಮ್ಮಿ ತೋರಿಸ್ರಿ."

ಇದಕ್ಕೇನು ಮಹಾ ಎಂದುಕೊಂಡ ಮಲ್ಲೇಶ. ಮೂರು ಬೆರಳು ಗಟ್ಟಿಯ ಮೇಲೆ ಎಳೆದ. ಕೈ ಮುಂದೆ ಹೋಯಿತು. ಹೋಗಿದ್ದು ಮೊಬೈಲಿನ ಮೈಗಲ್ಲ. ಅದಕ್ಕೆ ಕಟ್ಟಿದ ಚೀಟಿಗೆ.

ಅರ್ಧದಲ್ಲಿ ಕೈ ನಿಂತಿತು. ತಡವಾಗಿತ್ತು.

ವಿಭೂತಿಯ ಪುಡಿ ಸ್ಪೀಕರಿಗೆ, ಲೆನ್ಸಿಗೆ ಹೊಕ್ಕರೆ ಮಾಲು ಕೆಡುತ್ತದೆ. ಅದಕ್ಕೇ ಈ ವ್ಯಾಪಾರ ಹಿಡಿದ ದಿನದಿಂದ ಅವನು ಚೀಟಿಗಷ್ಟೇ ಹಚ್ಚುತ್ತಿದ್ದ. ಗಾಜಿನ ಕಪಾಟಿನಲ್ಲಿದ್ದ ಮೊಬೈಲು, ಲ್ಯಾಪ್‌ಟಾಪು, ಕ್ಯಾಮೆರಾ, ಒಂದೊಂದಕ್ಕೂ ಚೀಟಿಯ ಮೇಲೇ ಗೆರೆ. ವಸ್ತುವಿನ ಮೈಗೇ ಹಚ್ಚುವುದು ಹಿತ್ತಾಳೆ, ಬಂಗಾರದವರ ಕೈ. ಆಯುಷ್ಯವೆಲ್ಲ ಲೋಹ ಮುಟ್ಟಿದ ಕೈ.

ಗಾಯತ್ರಿಯ ಕಣ್ಣು ಚೀಟಿಯಿಂದ ಎದ್ದು ಅರ್ಧಬಾಗಿಲ ಮೇಲೆ ಹೋಗಿ ಕೂತಿತು.

"ಯಜಮಾನ್ರು ಪೂಜಿಗೆ ಕುಂತಾರೇನು?"

"ಅಪ್ಪಗ ಇದ್ಯಾವುದೂ ಗೊತ್ತಿಲ್ಲ ಮೇಡಂ." ಮಾತು ಅವನಿಗಿಂತ ಮುಂದೆ ಓಡಿತು. "ಅವರು ಈ ಸಾಮಾನು ಮುಟ್ಟಂಗಿಲ್ಲ. ನೀವು ಒಂದು ವಿಚಾರ ಮಾಡ್ರಿ. ಹೊನ್ನೂರುಸ್ವಾಮಿ ಇಲ್ಲ ಅಂತ ನಮಗ ಗೊತ್ತಿದ್ರ ಈ ಕ್ಯಾಮೆರಾ ಇಲ್ಲಿ ಇರ್ತಿತ್ತೇನು? ಬಜಾರಿನಾಗ ಯಾರನ್ನರ ಕೇಳ್ರಿ ನಮ್ಮ ಮನಿ ರೂಢಿ. ಗಿರವಿ ಇಟ್ಟಾಂವ ತೀರಿಕೊಂಡ್ರ ಸಾಲ ಅವನ ಜೋಡಿ ಮಣ್ಣಾತು. ವಸ್ತು ಹೆಂಡ್ರ ಮಕ್ಳ ಕೈಗೆ. ಅವರ ಕಡೆ ಒಂದು ರೂಪಾಯಿ ಮುಟ್ಟಂಗಿಲ್ಲ. ನಮ್ಮ ಮುತ್ಯಾ ಹಾಕಿದ ಗೆರಿ. ನಮ್ಮಪ್ಪ ಅದನ್ನ ಇವತ್ತಿನ ತನಕ ದಾಟಿಲ್ಲ. ಸತ್ತವನ ಮನಿ ರೊಕ್ಕ ಗಲ್ಲಾದಾಗ ಬಿದ್ರ ಆ ಗಲ್ಲಾ ಉಳಿಯಂಗಿಲ್ಲ ಅಂತಾರ ಅವರು."

"ಭಾಳ ಛಲೋ ರೂಢಿ," ಎಂದಳು ಗಾಯತ್ರಿ. ನಿಜವಾಗಿ ಮೆಚ್ಚಿದಂತೆಯೇ ಇತ್ತು ದನಿ.

ಆಮೇಲೆ ಆಕೆ ಮೊಬೈಲು ತೆಗೆದು ಏನೋ ಒತ್ತಿದಳು. ಹೊರಗೆ ಬಸವರಾಜನ ಮೊಬೈಲು ಕಿಣಿಕ್ಕೆಂದಿತು. ಅವನ ಬೂಟಿನ ಸಪ್ಪಳ ಸಂದಿಯ ತುದಿಗೆ ಹೋಯಿತು. ಅಲ್ಲಿ ಜೀಪು ನಿಂತಿತ್ತು.

ಬೂಟಿನ ಸಪ್ಪಳ ವಾಪಸ್ಸು ಬಂದಾಗ ಜೊತೆಯಲ್ಲಿ ಚಪ್ಪಲಿಯ ಸಪ್ಪಳವೂ ಇತ್ತು.

ಒಳಗೆ ಬಂದವಳು ಹೊನ್ನೂರುಸ್ವಾಮಿಯ ಹೆಂಡತಿ ತುಳಸಿ. ಹೊಸಿಲಲ್ಲಿ ಚಪ್ಪಲಿ ಬಿಟ್ಟಳು, ಗುಡಿಗೆ ಬಂದವಳ ಹಾಗೆ. ಹಣೆಯಲ್ಲಿ ಅಗಲ ಕುಂಕುಮ. ಕೈಯಲ್ಲಿ ಕರವಸ್ತ್ರದ ಗಂಟು.

"ಅಣ್ಣಾರ, ಕ್ಯಾಮೆರಾ ಬಿಡಿಸ್ಕೊಂಡು ಹೋಗಾಕ ಬಂದೀನಿ. ಚೀಟಿ ಅವರ ಅಂಗಿ ಕಿಸೆದಾಗ ಇತ್ತು. ನಮ್ಮ ತವರಿನವರು ಭತ್ತ ಮಾರಿ ಕೊಟ್ಟಾರ, ಬಡ್ಡಿಗೂ ಸಾಕಾಗ್ತೈತಿ ನೋಡ್ರಿ. ಕಾರ್ತಿಕ ಕಳೆದ್ರ ಹಂಪ್ಯಾಗ ಮದುವಿ ಫೋಟೋದವರು ಸಾಲಿಟ್ಟು ಬರ್ತಾರ. ನಮ್ಮವರು ಬಂದ ದಿನ ಕೈಯಾಗ ಕ್ಯಾಮೆರಾ ಇಲ್ಲ ಅಂದ್ರ ನನ್ನ ಮ್ಯಾಲೆ ಹರಿಹಾಯ್ತಾರ."

ಆಕೆ ಗಂಟು ಬಿಚ್ಚಿ ನೋಟುಗಳನ್ನು ಕೌಂಟರಿನ ಮೇಲೆ ಹರಡಿದಳು. ಜಾಲರಿಯ ಕಂಡಿಯಿಂದ ಅವನ ಕಡೆ ತಳ್ಳಿದಳು.

ಗಾಯತ್ರಿ ಬೆಂಚಿಗೆ ಹೋಗಿ ಕೂತಳು. ನೋಡುತ್ತ ಕೂತಳು.

ಮಲ್ಲೇಶನಿಗೆ ಈಗ ಎಲ್ಲ ತಿಳಿಯಿತು. ರೂಢಿಯ ಮಾತು ಹೇಳಿ ಬಚಾವಾಗಲು ಹೋದವನು ತಾನೇ ಉರುಲು ಹೆಣೆದು ಆಕೆಯ ಕೈಗೆ ಕೊಟ್ಟಿದ್ದ. ಈ ರೊಕ್ಕ ತೆಗೆದುಕೊಂಡರೆ, ಹೊನ್ನೂರುಸ್ವಾಮಿ ಬದುಕಿದ್ದಾನೆಂದೇ ಅಂಗಡಿ ತಿಳಿದಿದೆ ಎಂದಂತೆ. ಬೇಡವೆಂದರೆ ಸತ್ತಿದ್ದಾನೆ ಎಂದಂತೆ. ತೆಗೆದುಕೊಳ್ಳಲು ಅವನಿಗೇನೂ ಅಡ್ಡಿಯಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಜಲ್ದಿ ಎಣಿಸಬೇಕು, ಗಲ್ಲಾಕ್ಕೆ ಹಾಕಬೇಕು, ಕ್ಯಾಮೆರಾ ಕೊಟ್ಟು ಕಳಿಸಬೇಕು. ಅಪ್ಪ ಏಳುವ ಮೊದಲು.

"ಕೊಡು ತಂಗಿ," ಎಂದು ಕೈ ಚಾಚಿದ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಬೆರಳು ಮೊದಲ ನೋಟಿನ ಅಂಚು ಮುಟ್ಟಿತು.

ಹಿಂದೆ ಅರ್ಧಬಾಗಿಲು ಕಿರುಗುಟ್ಟಿತು.

ವಿಭೂತಿಯ ವಾಸನೆಯ ಒಣಕಲು ಕೈಯೊಂದು ಅವನ ಮಣಿಕಟ್ಟು ಹಿಡಿಯಿತು. ಮುದುಕನ ಕೈಯಲ್ಲಿ ಅಷ್ಟು ಕಸುವಿದೆಯೆಂದು ಅವನು ತಿಳಿದಿರಲಿಲ್ಲ.

"ಮುಟ್ಟಬ್ಯಾಡ."

"ಅಪ್ಪಾ, ನೀ ಒಳಗ ನಡಿ. ಇದು ನನ್ನ ಗಿರಾಕಿ."

"ಮುಟ್ಟಬ್ಯಾಡ ಅಂದೆ."

ಕೊಟ್ರಯ್ಯ ನೋಟುಗಳನ್ನು ಒಂದು ಕಟ್ಟು ಮಾಡಿದ. ಅವಸರವಿಲ್ಲದೆ, ಅಂಚಿಗೆ ಅಂಚು ಕೂಡಿಸಿ. ತುಳಸಿಯ ಕಡೆಗೆ ಕಂಡಿಯ ತನಕ ವಾಪಸ್ಸು ಸರಿಸಿದ. ಆಮೇಲೆ ಕ್ಯಾಮೆರಾವನ್ನು ಚೀಲದೊಳಗಿಟ್ಟು, ಚೀಟಿ ಹರಿದು, ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಎರಡೂ ಕೈಯಲ್ಲಿ ಆಕೆಯ ಮುಂದೆ ಹಿಡಿದ.

"ತಗೊಂಡು ಹೋಗು ತಾಯಿ. ಈ ಸಾಲ ಮುಗೀತು."

ತುಳಸಿ ಚೀಲ ಇಸಿದುಕೊಂಡಳು. ಮುಖದಲ್ಲಿ ಬೆಳಕು ಬಂದುಹೋಯಿತು. "ಯಾರು ಕಟ್ಟಿದ್ರಿ ಅಜ್ಜಾರ? ಅವರ ಬಂದಿದ್ರೇನು?"

ಕೊಟ್ರಯ್ಯ ಆಕೆಯ ಹಣೆಯ ಕಡೆ ನೋಡಿ ಕಣ್ಣು ಕೆಳಗಿಳಿಸಿದ.

ಗಾಯತ್ರಿ ಎದ್ದು ಬಂದು ತುಳಸಿಯ ಹೆಗಲಿಗೆ ಕೈ ಹಾಕಿ ನಿಂತಳು. "ಯಜಮಾನ್ರ, ಹೆಣ ಸಿಕ್ಕಿಲ್ಲ. ರಕ್ತ ಸಿಕ್ಕಿಲ್ಲ. ಅವ ಎಲ್ಲಿ ಅದಾನಂತ ನಮ್ಮ ಸ್ಟೇಷನ್ನಿಗೇ ಗೊತ್ತಿಲ್ಲ," ಎಂದಳು ಮೆಲ್ಲಗೆ. "ನಿಮಗ ಹೇಳಿದವರು ಯಾರು?"

ಮುದುಕ ತಿರುಗಿ, ಜಾಲರಿಯ ಒಳಗೆ ಒಬ್ಬನೇ ಉಳಿದ ಮಗನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಾಲ್ಯದಲ್ಲಿ ಜ್ವರ ಬಂದಾಗ ಹಾಸಿಗೆಯ ಬದಿಗೆ ಕೂತು ಹೀಗೆಯೇ ನೋಡುತ್ತಿದ್ದ.

"ಅವತ್ತು ನೀ ಸಂಡೂರಿಂದ ಬಂದು ಮುಸುಕು ಹಾಕ್ಕೊಂಡು ಮಲಗಿದಿ. ಕಾರಿನ ಮಣ್ಣು ನಾನ ತೊಳದೆ. ಸತ್ತವನ ಕಣ್ಣೀರು ಅಂಟಬಾರದಂತ ಕ್ಯಾಮೆರಾಕ್ಕ ವಿಭೂತಿ ಹಚ್ಚಿದೆ, ಅವನ ಮನಿಗೆ ಮುಟ್ಟಿಸಿದ್ರ ನಿನ್ನ ಹೆಸರು ಹೊರಗ ಬರ್ತಿತ್ತು. ಆ ದಿನದಿಂದ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ಮಲ್ಲೇಶಿ. ಇನ್ನ ಮುಂದನೂ ಬಿಡಂಗಿಲ್ಲ. ಆದ್ರ ಇಕಿ ರೊಕ್ಕ ಇಸ್ಕೊಳ್ಳಾಕ ನಿನ್ನ ಕೈ ಹೆಂಗ ಮುಂದ ಬಂತೋ, ನನಗ ತಿಳಿವಲ್ದು."

ಮಲ್ಲೇಶನಿಗೆ ಆಗ ಹೊಳೆಯಿತು. ಕೊಂದವನು ಮಗನೇ ಎಂದು ನಂಬಿ, ಅಪ್ಪ ತನ್ನನ್ನು ಉಳಿಸಲೆಂದು ಇಷ್ಟು ದಿನ ಬಾಯಿ ಕಟ್ಟಿಕೊಂಡು ಕೂತಿದ್ದ. ತಾನು ಅಪ್ಪನನ್ನು ಉಳಿಸಲೆಂದು ಈಗಷ್ಟೇ ಪೊಲೀಸರ ಮುಂದೆ ಸುಳ್ಳು ಹೇಳಿದ್ದ. ಅಪ್ಪ ಮಾಡಿಲ್ಲ, ತಾನೂ ಮಾಡಿಲ್ಲ ಎಂದರೆ, ಅದೇ ಸಂಜೆ ಈ ಮನೆಗೆ ಬಂದು, ಹೊನ್ನೂರುಸ್ವಾಮಿ ಇನ್ನಿಲ್ಲ, ಮಾಡಿದವನು ನಿನ್ನ ಮಗ ಎಂದು ಹೇಳಿಹೋದವರು ಯಾರು?

"ಅಮಾವಾಸಿ ದಿನ ಅಂಗಡ್ಯಾಗ ಇದ್ದೆ ಅಂದ್ರಿ, ಮಲ್ಲೇಶಣ್ಣ," ಎಂದಳು ಗಾಯತ್ರಿ.

ಬಸವರಾಜ್ ಹೊರಗಿನಿಂದ ಷಟರಿಗೆ ಕೈ ಹಾಕಿದ. ನೆಲದ ಮೇಲಿದ್ದ ಬಿಸಿಲಿನ ಪಟ್ಟಿ ಕಿರಿದಾಗುತ್ತ ಹೊಸಿಲಿಗೆ ಹೋಯಿತು, ಅಲ್ಲಿ ಬಿಟ್ಟಿದ್ದ ಚಪ್ಪಲಿಗಳ ತನಕ. ಕೌಂಟರಿನ ಮೇಲೆ, ಕಂಡಿಯ ಈಚೆಗೂ ಅಲ್ಲದೆ ಆಚೆಗೂ ಅಲ್ಲದೆ, ಭತ್ತದ ರೊಕ್ಕ ಹಾಗೆಯೇ ಬಿದ್ದಿತ್ತು. ಯಾರೂ ಅದನ್ನು ಮುಟ್ಟಲಿಲ್ಲ.

ತುಳಸಿ ಕ್ಯಾಮೆರಾದ ಚೀಲವನ್ನು ಎದೆಗೆ ಒತ್ತಿ ಹಿಡಿದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾರು ಕಟ್ಟಿದ್ರಿ ಅಂತ ಕೇಳಿದೆ," ಎಂದಳು. "ಯಾರೂ ಹೇಳವಲ್ರಿ."